ಕೆತ್ತನೆ ಆಮೇಲೆ, ಮೊದಲು ತೂತು ನೋಡಿ

ಜಪಾನಿನ ಹಳೆಯ ಕತ್ತಿಗಳ ಬಿಡಿಭಾಗಗಳನ್ನು ಸಂಗ್ರಹಿಸುವವರ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೊಸಬರಿಗೆ ನಾಲ್ಕು ಹೆಸರು ಗೊತ್ತಿದ್ದರೆ ಸಾಕು. ಅಲಗಿಗೂ ಹಿಡಿಗೂ ನಡುವೆ ಕೂರುವ ಬಿಲ್ಲೆ ತ್ಸುಬಾ. ಹಿಡಿಯ ಬುಡದ ಪಟ್ಟಿ ಫುಚಿ, ತುದಿಯ ಟೊಪ್ಪಿಗೆ ಕಾಶಿರಾ. ಹಿಡಿಗೆ ಸುತ್ತಿದ ಪಟ್ಟೆಯಡಿ ಎರಡು ಪಕ್ಕದಲ್ಲೂ ಕೂರುವ ಜೋಡಿ ಅಲಂಕಾರ ಮೆನುಕಿ.

ಪ್ರಶ್ನೆ: ಹರಾಜಿನಲ್ಲಿ ಒಂದು ಕಬ್ಬಿಣದ ತ್ಸುಬಾ ನೋಡಿದ್ದೇನೆ. ಮರಗಳ ನಡುವೆ ಯೋಧರು, ಅಲ್ಲಲ್ಲಿ ಚಿನ್ನ, ‘ಸೋತೆನ್’ ಎಂಬ ಸಹಿ. ಎಡೋ ಕಾಲದ್ದು (1603–1868) ಎನ್ನುತ್ತಾರೆ. ಎರಕದ ನಕಲಿಯಾಗಿದ್ದರೆ ಪತ್ತೆ ಹೇಗೆ?

ಉತ್ತರ: ಮೊದಲು ಆ ಸಹಿಯನ್ನು ಮರೆತುಬಿಡಿ. ಹಿಕೊನೆಯ ಸೋತೆನ್ ಶೈಲಿಯನ್ನು ಎಡೋ ಕಾಲದಲ್ಲೇ ಬೇರೆ ಊರಿನವರೂ ಧಾರಾಳವಾಗಿ ಮಾಡಿದ್ದಾರೆ. ಆಮೇಲೆ ಎರಕದವರು ಅದೇ ಮಾದರಿಯನ್ನು ಹಿಡಿದರು. ಆಕೃತಿಗಳು ಅಷ್ಟೊಂದು ಗಿಜಿಗುಟ್ಟುವಾಗ ಎರಕದ ಒರಟುತನ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ ನೋಡಿ.

ಮಾರುವವರು ಯೋಧರ ಮುಖದ ಫೋಟೊ ಹಾಕುತ್ತಾರೆ. ನೀವು ಕೇಳಬೇಕಾದದ್ದು ನಡುವಿನ ತೂತಿನ ಫೋಟೊ. ಅಲಗಿನ ಬಾಲ ತೂರುವ ಈ ಉದ್ದ ತೂತಿಗೆ ನಕಗೊ-ಅನಾ ಎನ್ನುತ್ತಾರೆ. ಒಂದು ತ್ಸುಬಾ ತನ್ನ ಆಯುಷ್ಯದಲ್ಲಿ ಹಲವು ಅಲಗುಗಳನ್ನು ಕಂಡಿರಬಹುದು. ಪ್ರತಿ ಸಲವೂ ತೂತನ್ನು ಅರದಿಂದ ತೀಡಿ ಹಿಗ್ಗಿಸಬೇಕು, ಇಲ್ಲವೇ ಅಂಚಿಗೆ ಉಳಿಯೇಟು ಕೊಟ್ಟು ಬಿಗಿ ಮಾಡಬೇಕು, ಇಲ್ಲವೇ ಮೇಲೆ ಕೆಳಗೆ ಸೆಕಿಗಾನೆ ಎಂಬ ತಾಮ್ರದ ತುಂಡು ಕೂರಿಸಬೇಕು. ಅಸಲಿಯಲ್ಲಿ ಈ ತುಂಡಿನ ಬಣ್ಣವೇ ಬೇರೆ, ಕಬ್ಬಿಣಕ್ಕೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದಾಗ ಉಳಿಯೇಟೂ ತಾಮ್ರದ ತುಂಡಿನ ಆಕಾರವೂ ಒಂದೇ ಲೋಹದಲ್ಲಿ ಮೂಡಿಬಿಡುತ್ತವೆ. ಇದು ಕಂಡರೆ ಮುಂದಕ್ಕೆ ನೋಡುವ ಕೆಲಸವೇ ಇಲ್ಲ.

ತೂತಿನ ಸುತ್ತಲಿನ ಮೊಟ್ಟೆಯಾಕಾರದ ಜಾಗ ಸೆಪ್ಪಾ-ದಾಯ್. ಸೆಪ್ಪಾ ಎಂಬ ತೆಳು ತಾಮ್ರದ ಬಿಲ್ಲೆ ಅಲ್ಲಿ ಒತ್ತಿ ಕೂತಿರುವುದರಿಂದ ಬಳಸಿದ ತ್ಸುಬಾದಲ್ಲಿ ಆ ಗುರುತು ಉಳಿದಿರುತ್ತದೆ. ಗುರುತಿಲ್ಲ ಎಂದಮಾತ್ರಕ್ಕೆ ನಕಲಿ ಎನ್ನಬೇಡಿ, ಕತ್ತಿಗೆ ಏರದೆ ಪೆಟ್ಟಿಗೆಯಲ್ಲೇ ಉಳಿದ ಒಳ್ಳೆಯ ಕೆಲಸಗಳೂ ಇವೆ.

ಮೂರನೆಯದು ಕೊರೆದು ತೆಗೆದ ಸಂದುಗಳ ಒಳಗೋಡೆ. ತ್ಸುಬಾವನ್ನು ಓರೆ ಮಾಡಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಕೈಕೆಲಸವಾದರೆ ಗರಗಸದ, ಅರದ ಗೆರೆಗಳು ಸಿಗುತ್ತವೆ, ಮೂಲೆಗಳು ಚೂಪಾಗಿರುತ್ತವೆ. ಎರಕದಲ್ಲಿ ಅಂಚುಗಳು ಮೊಂಡಾಗಿ, ಗೋಡೆಯ ನಡುಮಧ್ಯದಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಓಡಿರುತ್ತದೆ. ಗಾಳಿಗುಳ್ಳೆ ಬಿಟ್ಟ ಸೂಜಿಮೊನೆಯಷ್ಟು ಕುಳಿಗಳೂ ಇರಬಹುದು. ಸಹಿಯ ಸರದಿ ಈಗ. ಉಳಿಯಿಂದ ಕೆತ್ತಿದ ಗೀಟು ಬೆಣೆಯಾಕಾರದ ಸಣ್ಣ ಸಣ್ಣ ಏಟುಗಳ ಸಾಲು, ಪಕ್ಕಕ್ಕೆ ಸರಿದ ಲೋಹ ತುಸು ಎದ್ದಿರುತ್ತದೆ. ಎರಕದ ಸಹಿಯ ತಳ ದುಂಡಗೆ, ನುಣ್ಣಗೆ. ಆದರೆ ಎರಕವಲ್ಲದ ತ್ಸುಬಾದ ಮೇಲೆ ಉಳಿಯಿಂದಲೇ ಹಾಕಿದ ಸುಳ್ಳು ಸಹಿಯೂ ಇರುತ್ತದೆ, ಅದನ್ನು ಗಿಮೇಯ್ ಎನ್ನುತ್ತಾರೆ.

ಮರದ ಕಡ್ಡಿಗೆ ತೂಗುಹಾಕಿ ತಟ್ಟಿದರೆ ಅಸಲಿ ಘಂಟೆಯಂತೆ ಮೊಳಗುತ್ತದೆ ಎಂಬ ಪರೀಕ್ಷೆಯನ್ನು ನಾವು ನಂಬುವುದಿಲ್ಲ. ದಪ್ಪ, ಕೊರೆದ ವಿನ್ಯಾಸ, ಒಳಗಿನ ಬಿರುಕು ಎಲ್ಲವೂ ನಾದವನ್ನು ಬದಲಿಸುತ್ತವೆ. ಅಳತೆ ಹೆಚ್ಚು ನಂಬಿಕಸ್ತ: ತಣಿಯುವಾಗ ಎರಕ ಕುಗ್ಗುವುದರಿಂದ, ಅಚ್ಚುಪಡಿ ತನ್ನ ಮೂಲಕ್ಕಿಂತ ಸುಮಾರು ಶೇ. 1ರಷ್ಟು ಚಿಕ್ಕದಾಗಿರುತ್ತದೆ. ಒಂದೇ ಗೀರು, ಒಂದೇ ಕುಳಿ ಇರುವ ಇನ್ನೊಂದು ತ್ಸುಬಾ ಹಳೆಯ ಹರಾಜು ಚಿತ್ರಗಳಲ್ಲಿ ಸಿಕ್ಕಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಫುಚಿ ಮತ್ತು ಕಾಶಿರಾ ‘ಒಂದೇ ಕೈಯವು’ ಎಂದು ಜೋಡಿಯಾಗಿ ಮಾರುತ್ತಿದ್ದಾರೆ. ಕಾಶಿರಾದ ಬಣ್ಣ ತುಸು ತೆಳು ಅನ್ನಿಸುತ್ತದೆ.

ಉತ್ತರ: ನಿಮ್ಮ ಅನುಮಾನ ಸರಿಯಿರಬಹುದು. 1876ರಲ್ಲಿ ಮೇಯ್ಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದ ಮೇಲೆ ಬಿಡಿಭಾಗಗಳು ಕಳಚಿ ಹೊರದೇಶಗಳಿಗೆ ಹರಿದವು. ಹೀಗೆ ಚದುರಿದವನ್ನು ಮತ್ತೆ ಜೋಡಿಸಿ ‘ಮದುವೆ ಮಾಡಿಸಿದ’ ಜೋಡಿಗಳಿಗೆ ಮಾರುಕಟ್ಟೆಯಲ್ಲಿ ಬರವಿಲ್ಲ.

ಬಣ್ಣವನ್ನೊಂದೇ ನೆಚ್ಚಬೇಡಿ. ಕಾಶಿರಾ ಅಂಗೈಗೆ ಹೆಚ್ಚು ತಾಗುವುದರಿಂದ ನಿಜವಾದ ಜೋಡಿಯಲ್ಲೂ ಅದು ಹೆಚ್ಚು ಸವೆದಿರುತ್ತದೆ. ಕೆತ್ತನೆಯ ಹಿಂದಿನ ನೆಲದ ಮೇಲೆ ನಾನಾಕೊ ಇದೆಯೇ ನೋಡಿ. ಮೀನಿನ ಮೊಟ್ಟೆಯಂತೆ ಒತ್ತೊತ್ತಾಗಿ ಹೊಡೆದ ಗುಂಡು ಚುಕ್ಕೆಗಳ ನೆಲ ಅದು. ಎರಡೂ ತುಂಡುಗಳಲ್ಲಿ ಒಂದು ಸೆಂ.ಮೀ. ಉದ್ದಕ್ಕೆ ಎಷ್ಟು ಚುಕ್ಕೆ ಇವೆ ಎಂದು ಎಣಿಸಿ. ಕಾಳು ದಪ್ಪ ಬೇರೆಯಾದರೆ ಜೋಡಿ ಅಲ್ಲ. ಉಬ್ಬು ಕೆತ್ತನೆಯ ಎತ್ತರ, ಚಿನ್ನದ ಬಣ್ಣ, ಹೂವಿನ ದಳ ಕೊರೆದ ರೀತಿಯೂ ಹೊಂದಬೇಕು. ಸಹಿಯಿದ್ದರೆ ಸಾಮಾನ್ಯವಾಗಿ ಫುಚಿಯ ಮೇಲಿನ ತಟ್ಟೆಯಲ್ಲಿರುತ್ತದೆ, ಕಾಶಿರಾದಲ್ಲಿ ಇರುವುದಿಲ್ಲ. ಹಾಗಾಗಿ ಒಳ್ಳೆಯ ಸಹಿಯ ಒಂಟಿ ಫುಚಿಗೆ ಯಾವುದೋ ಕಾಶಿರಾ ಅಂಟಿಸಿ ಮಾರುವುದು ಸುಲಭ. ಬೆಲೆಯನ್ನು ಫುಚಿಗೆ ಮಾತ್ರ ಕಟ್ಟಿ.

ಪ್ರಶ್ನೆ: ಕಬ್ಬಿಣದ ತ್ಸುಬಾದಲ್ಲಿ ಕೆಂಪು ತುಕ್ಕು, ಶಾಕುದೋ ಫುಚಿಯಲ್ಲಿ ಮಬ್ಬು. ಹಿತ್ತಾಳೆ ಪಾಲಿಶ್ ಮತ್ತು ಉಕ್ಕಿನ ನಾರು ಬಳಸಬಹುದೆ?

ಉತ್ತರ: ಎರಡನ್ನೂ ಮುಟ್ಟಬೇಡಿ. ಶಾಕುದೋ ಎಂದರೆ ತಾಮ್ರಕ್ಕೆ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಚಿನ್ನ ಬೆರೆಸಿದ ಲೋಹ. ಅದರ ನೀಲಿಗಪ್ಪು ಬಣ್ಣ ಬಳಿದದ್ದಲ್ಲ. ತುರಿದ ಮೂಲಂಗಿಯ ರಸ ಸವರಿ, ರೊಕುಶೊ ಎಂಬ ತಾಮ್ರದ ಲವಣ ಕರಗಿಸಿದ ನೀರಿನಲ್ಲಿ ಕುದಿಸಿದಾಗ ಮೈಮೇಲೆ ಹುಟ್ಟುವ ಅತಿ ತೆಳು ಪದರ ಅದು. ಪಾಲಿಶ್ ಒಂದು ಸಲ ಉಜ್ಜಿದರೆ ಕೆಳಗಿನ ತಾಮ್ರಗೆಂಪು ಹೊರಬರುತ್ತದೆ. ಮತ್ತೆ ಬಣ್ಣ ಹತ್ತಿಸಲು ಬಲ್ಲ ಕುಶಲಕರ್ಮಿ ಬೇಕು, ಆತ ಮಾಡಿದ ಮೇಲೂ ಹಳೆಯ ಮೈ ಮರಳುವುದಿಲ್ಲ. ಮಬ್ಬು ಹೆಚ್ಚಿನ ಸಲ ಕೈಯೆಣ್ಣೆ, ಧೂಳು, ಯಾರೋ ಹಚ್ಚಿದ ಮೇಣ. ಶುದ್ಧೀಕರಿಸಿದ ನೀರಿಗೆ ಎರಡು ಹನಿ ಮೃದು ಸೋಪು ಹಾಕಿ, ಮೆತ್ತನೆಯ ಕುಂಚದಿಂದ ತೊಳೆದು, ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ. ಉಜ್ಜಬೇಡಿ. ಅರಗು ಬಳಿದ ಭಾಗವಿದ್ದರೆ ನೀರೂ ಬೇಡ.

ಕಬ್ಬಿಣದಲ್ಲಿ ಎರಡು ಬಗೆಯ ತುಕ್ಕು. ಗಟ್ಟಿಯಾಗಿ ಮೈಗಂಟಿದ ಕಪ್ಪು ಪದರವೇ ತ್ಸುಬಾದ ಸೊಬಗು, ಅದನ್ನು ಉಳಿಸಿಕೊಳ್ಳಬೇಕು. ಪುಡಿಪುಡಿಯಾಗಿ ಉದುರುವ ಕೆಂಪು ತುಕ್ಕನ್ನಷ್ಟೇ ತೆಗೆಯಬೇಕು. ಉಕ್ಕಿನ ನಾರು, ಆಮ್ಲ, ವಿದ್ಯುತ್ ಹರಿಸುವ ವಿಧಾನಗಳಿಗೆ ಈ ಎರಡರ ಭೇದ ತಿಳಿಯದು. ತೆಳು ಎಣ್ಣೆಯನ್ನು ಕೆಂಪು ಜಾಗಕ್ಕೆ ಹಚ್ಚಿ ಎರಡು ಮೂರು ದಿನ ಬಿಡಿ. ಜಿಂಕೆ ಕೊಂಬಿನ ತುಂಡನ್ನು ಉಳಿಯ ಬಾಯಿಯಂತೆ ಕೊರೆದು ಅದರಿಂದ ಕೆರೆಯಿರಿ. ಕೊಂಬು ಗಟ್ಟಿ ಕಪ್ಪು ಪದರಕ್ಕಿಂತ ಮೆತ್ತಗಿರುವುದರಿಂದ ಅದು ಸವೆಯುತ್ತದೆ, ತ್ಸುಬಾ ಸವೆಯುವುದಿಲ್ಲ. ಬಿದಿರಿನ ಕಡ್ಡಿಯೂ ಆದೀತು, ಆದರೆ ನಿಧಾನ. ಚಿನ್ನ ಬೆಳ್ಳಿ ಹೊದಿಸಿದ ಕಡೆ ಕೊಂಬನ್ನು ತಾಗಿಸಬೇಡಿ. ನಡುವೆ ಹುಟ್ಟುವ ಕಂದು ಪುಡಿಯನ್ನು ಆಗಾಗ ಒರೆಸದಿದ್ದರೆ ಅದೇ ಮರಳುಕಾಗದದ ಕೆಲಸ ಮಾಡುತ್ತದೆ. ಕೊನೆಯಲ್ಲಿ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಒಣ ಹತ್ತಿ ಬಟ್ಟೆಯಿಂದ ದಿನಕ್ಕೆ ಹತ್ತು ನಿಮಿಷ ಉಜ್ಜಿ. ಕಬ್ಬಿಣಕ್ಕೆ ಉಜ್ಜಬಹುದು, ಶಾಕುದೋಗೆ ಕೂಡದು. ಇವೆರಡನ್ನು ಅದಲುಬದಲು ಮಾಡಬೇಡಿ. ಕೆಲವು ವಾರಗಳ ಮೇಲೆ ಹೊಳಪು ತಾನಾಗಿ ಬರುತ್ತದೆ.

ಇಡಲು ‘ಕಿರಿ’ ಎಂಬ ಜಪಾನೀ ಮರದ (ಪೌಲೋನಿಯಾ) ಪೆಟ್ಟಿಗೆ ಸರಿ. ಓಕ್ ಮರದ ಡ್ರಾಯರ್ ಬೇಡ, ಅದರಿಂದ ಹೊಮ್ಮುವ ಆಮ್ಲದ ಆವಿ ಲೋಹ ತಿನ್ನುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿದರೆ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಉಳಿಯುತ್ತದೆ.

ಪ್ರಶ್ನೆ: ‘ಹೋಜೋನ್’ ಪ್ರಮಾಣಪತ್ರ ಇದೆ ಎಂದರೆ ಕಣ್ಣುಮುಚ್ಚಿ ಕೊಳ್ಳಬಹುದೆ? ವಿನಿಮಯಕ್ಕೆ ಅಂಚೆಯಲ್ಲಿ ಕಳಿಸುವಾಗ ಏನು ಗಮನಿಸಬೇಕು?

ಉತ್ತರ: ಕಣ್ಣು ತೆರೆದೇ ಇರಲಿ. ಜಪಾನಿನ ಕಲಾತ್ಮಕ ಕತ್ತಿಗಳ ಸಂರಕ್ಷಣೆಗೆಂದು 1948ರಲ್ಲಿ ಹುಟ್ಟಿದ ಎನ್‌ಬಿಟಿಎಚ್‌ಕೆ ಸಂಸ್ಥೆ ಕೊಡುವ ಈ ಪತ್ರಗಳಲ್ಲಿ ಕೆಳಗಿನಿಂದ ಮೇಲಕ್ಕೆ ಹೋಜೋನ್, ತೊಕುಬೆತ್ಸು ಹೋಜೋನ್, ಜೂಯೋ, ತೊಕುಬೆತ್ಸು ಜೂಯೋ ಎಂದು ಮೆಟ್ಟಿಲುಗಳಿವೆ. ಈಗಿನ ಪದ್ಧತಿ ಬರುವ ಮೊದಲು ಕೊಟ್ಟ ‘ಕಿಚೋ’ ಪತ್ರಗಳಿಗೆ ಮಾರುಕಟ್ಟೆಯಲ್ಲಿ ಅಷ್ಟು ಬೆಲೆಯಿಲ್ಲ. ಅಂಥದ್ದಿದ್ದರೆ ಹೊಸದಾಗಿ ತೀರ್ಪಿಗೆ ಕಳಿಸಿದ್ದಾರೆಯೇ ಎಂದು ಕೇಳಿ. ಪತ್ರದ ಮೇಲಿನ ಚಿತ್ರವನ್ನೂ ವಸ್ತುವನ್ನೂ ಪಕ್ಕಪಕ್ಕ ಇಟ್ಟು ಗೀರು, ಕುಳಿ, ತೂತಿನ ಆಕಾರ ಹೋಲಿಸಿ. ಒಳ್ಳೆಯ ಪತ್ರಕ್ಕೆ ಬೇರೆ ತ್ಸುಬಾ ಸೇರಿಸಿ ಮಾರುವ ಚಾಳಿ ಹಳೆಯದು. ಸಹಿಯಿಲ್ಲದ ತ್ಸುಬಾಕ್ಕೆ ‘ಅಕಸಾಕಾ’ ಎಂದು ಬರೆದಿದ್ದರೆ ಅದು ಪಂಥದ ಬಗೆಗಿನ ತೀರ್ಪು. ಒಬ್ಬ ಕಲಾವಿದನ ಕೈ ಎಂಬ ಖಾತರಿ ಅದರಲ್ಲಿ ಇಲ್ಲ.

ವಿನಿಮಯದ ಮೊದಲು ಉದ್ದ, ಅಗಲ, ಅಂಚಿನ ದಪ್ಪ, ಸೆಪ್ಪಾ-ದಾಯ್ ದಪ್ಪ ಮತ್ತು ತೂಕ ಬರೆದುಕೊಂಡು, ಎರಡು ಮುಖಗಳ ಜೊತೆಗೆ ಅಂಚಿನ ಫೋಟೊವನ್ನೂ ಕಳಿಸಿ. ವಸ್ತು ತಲುಪಿದ ಮೇಲೆ ಎಷ್ಟು ದಿನದೊಳಗೆ ಹಿಂದಿರುಗಿಸಬಹುದು ಎಂಬುದನ್ನು ಬರಹದಲ್ಲೇ ಗೊತ್ತುಮಾಡಿಕೊಳ್ಳಿ. ಜಪಾನಿನಲ್ಲಿ ಅಲಗಿಗೆ ನೋಂದಣಿ ಪತ್ರ ಕಡ್ಡಾಯ, ಬಿಡಿ ತ್ಸುಬಾಕ್ಕೆ ಬೇಕಿಲ್ಲ. ಕಸ್ಟಮ್ಸ್ ಕಾಗದದಲ್ಲಿ ಬರೀ ‘ಕತ್ತಿಯ ಭಾಗ’ ಎಂದರೆ ಪೊಟ್ಟಣ ತಡೆಯುವ ಸಂಭವ ಹೆಚ್ಚು. ಲೋಹದ ಹಳೆಯ ಕಲಾವಸ್ತು, ಅಲಗಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ನೂರು ವರ್ಷ ಮೀರಿದ ವಸ್ತುಗಳಿಗೆ 9706 ಎಂಬ ಸುಂಕ ಶೀರ್ಷಿಕೆ ಇದೆ. ಒರೆಯಲ್ಲಿ ಸಿಕ್ಕಿಸುವ ಚಿಕ್ಕ ಚಾಕುವಿನ ಹಿಡಿಯಾದ ಕೊಜುಕಾವನ್ನು ಕಳಿಸುವುದಾದರೆ ಅದರ ಅಲಗನ್ನು ಬಿಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ಮೆನುಕಿ ಒಂದೇ ಇದೆ, ಜೋಡಿ ಇಲ್ಲ. ಕೊಳ್ಳಲೇ?

ಉತ್ತರ: ಕಲಿಯಲು ಕೊಳ್ಳಿ, ಆದರೆ ಜೋಡಿಯ ಬೆಲೆಯಲ್ಲಿ ಅರ್ಧವನ್ನೂ ಕೊಡಬೇಡಿ, ಅದಕ್ಕಿಂತ ಬಹಳ ಕಡಿಮೆ ಕೊಡಿ. ತಿರುಗಿಸಿ ಬೆನ್ನು ನೋಡಿ: ತೆಳು ತಗಡನ್ನು ಹಿಂದಿನಿಂದ ಬಡಿದು ಉಬ್ಬಿಸಿದ್ದರೆ ಒಳಭಾಗ ಟೊಳ್ಳಾಗಿ, ಬಡಿತದ ಗುರುತು ಇರುತ್ತದೆ. ಬೆನ್ನು ತುಂಬಿಕೊಂಡು ನುಣ್ಣಗಿದ್ದರೆ ಎರಕವೆಂದು ಅನುಮಾನಿಸಿ. ಹಳೆಯ ಮೊಳೆಯ ಜಾಗದಲ್ಲಿ ಹೊಸ ಬೆಸುಗೆಯ ಕಲೆಯಿದ್ದರೆ ಅದು ಒಂದು ಕಾಲಕ್ಕೆ ಯಾರದೋ ಕೋಟಿನ ಪಿನ್ ಆಗಿದ್ದಿರಬಹುದು. ಬೆಸುಗೆಯ ಶಾಖಕ್ಕೆ ಸುತ್ತಲಿನ ಬಣ್ಣ ಕೆಟ್ಟಿದೆಯೇ ನೋಡಿಕೊಂಡು ಬೆಲೆಯನ್ನು ಇನ್ನಷ್ಟು ಇಳಿಸಿ.