ಹದಿನೈದು ಗ್ರಾಂ ಖುಷಿ

ಪ್ರಶ್ನೆ: ನನ್ನ ಮಗಳು ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದ್ದಾಳೆ. ನೈಟ್ ಡ್ಯೂಟಿ ಮುಗಿಸಿ ಬಂದರೆ ಮುಖ ಬಾಡಿರುತ್ತದೆ, ಮಾತಿಲ್ಲ ಕತೆಯಿಲ್ಲ. ಬೇರೆ ಕೆಲಸ ನೋಡಿಕೋ ಅಂದರೆ ‘ನಿನಗೆ ಗೊತ್ತಾಗಲ್ಲ ಬಿಡಮ್ಮ’ ಅನ್ನುತ್ತಾಳೆ. ಈ ಕೆಲಸದಲ್ಲಿ ಸಂತೋಷ ಅನ್ನುವುದು ಇದೆಯೇ ಸಿಸ್ಟರ್?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನಿಂತು ಬಂದವಳಿಗೆ ಮೊದಲು ಕಾಫಿ ಕೊಡಿ, ಮಾತು ಆಮೇಲೆ. ಅದು ನಿದ್ದೆಗೆಟ್ಟ ಮುಖ, ಅದನ್ನೇ ದುಃಖ ಅಂದುಕೊಳ್ಳಬೇಡಿ. ನಾನೂ ನಿವೃತ್ತಿಯವರೆಗೆ ಅಂಥದೇ ವಾರ್ಡಿನಲ್ಲಿದ್ದವಳು.

ಸಂತೋಷ ಇದೆ, ಆದರೆ ಗ್ರಾಂ ಲೆಕ್ಕದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಮೊದಮೊದಲು ತೂಕ ಇಳಿಯುತ್ತದೆ. ಅದು ಸಹಜ ಅಂತ ನಮಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲವಲ್ಲ! 1,200 ಗ್ರಾಂ ಇದ್ದದ್ದು 1,100ಕ್ಕೆ ಬಂದಾಗ ಅವಳು ಕೂಸಿನ ಮುಖ ಬಿಟ್ಟು ನಮ್ಮ ಮುಖ ನೋಡಲು ಶುರುಮಾಡುತ್ತಾಳೆ. ದಿನಾ ಬಟ್ಟೆ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಬೇಕು. ಕೂಸು ಕಾಲು ಒದೆಯುತ್ತದೆ, ಅಂಕಿ ಮೇಲೆ ಕೆಳಗೆ ಓಡುತ್ತದೆ. ಕೊನೆಗೊಂದು ಬೆಳಿಗ್ಗೆ ಹದಿನೈದು ಗ್ರಾಂ ಜಾಸ್ತಿ ತೋರಿಸುತ್ತದೆ. ಮೂರ್ನಾಲ್ಕು ಚಮಚ ಸಕ್ಕರೆಯಷ್ಟು, ಅಷ್ಟೇ. ಡ್ಯೂಟಿ ಬದಲಾಗುವ ಹೊತ್ತಿಗೆ ಹ್ಯಾಂಡೋವರ್ ಕೊಡುವ ಸಿಸ್ಟರ್, ಔಷಧ, ಡ್ರಿಪ್ಪಿನ ವಿಷಯಕ್ಕೂ ಮೊದಲು ‘ಆರನೇ ವಾರ್ಮರ್ ಏರಿದೆ ಕಣ್ರೇ’ ಅನ್ನುತ್ತಾಳೆ. ವಾರ್ಮರ್ ಅಂದರೆ ಕೂಸನ್ನು ಬೆಚ್ಚಗಿಡುವ ಪುಟ್ಟ ಮಂಚ, ಏರಿದ್ದು ಅದರಲ್ಲಿರುವ ಕೂಸಿನ ತೂಕ.

ಕಾಂಗರೂ ಆರೈಕೆ ಕೇಳಿರಬಹುದು. ಕೂಸನ್ನು ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಕೂಸನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಉಪಾಯ. ಹುಟ್ಟಿದ ಕೂಡಲೇ ಹೀಗೆ ಮಾಡಿದರೆ ಕಡಿಮೆ ತೂಕದ ಶಿಶುಗಳ ಸಾವು ಕಾಲು ಭಾಗ ತಗ್ಗುತ್ತದೆ ಅಂತ 2021ರಲ್ಲಿ ಪ್ರಕಟವಾದ ಐದು ದೇಶಗಳ ಅಧ್ಯಯನ ತೋರಿಸಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಅದರಲ್ಲಿತ್ತು. ಒಮ್ಮೆ ನಮ್ಮಲ್ಲಿ ತಾಯಿಗೆ ಬಿ.ಪಿ. ಏರಿ ಐಸಿಯುನಲ್ಲಿದ್ದಾಗ ಅಪ್ಪನನ್ನೇ ಕೂರಿಸಿದೆವು. ಆಟೋ ಓಡಿಸುವ ಹುಡುಗ. ಅಂಗಿ ಬಿಚ್ಚಲು ನಾಚಿಕೆ, ಕೂಸು ಎದೆಗೆ ಬಂದ ಮೇಲೆ ಅಲುಗಾಡಲು ಭಯ. ‘ಉಸಿರಾಡ್ತಿದೆಯಾ ನೋಡಿ ಸಿಸ್ಟರ್’ ಅಂತ ಗಳಿಗೆಗೊಮ್ಮೆ ಕರೆಯುತ್ತಿದ್ದ. ಮಾತಾಡಿಸಪ್ಪಾ, ಅದಕ್ಕೆ ಕೇಳಿಸುತ್ತೆ ಅಂದೆ. ಏನು ಮಾತಾಡೋದು ಅಂತ ಹೊಳೆಯದೆ ಪಾಪ, ‘ಈಗ ಬಸ್‌ಸ್ಟ್ಯಾಂಡ್ ದಾಟಿದ್ವಿ ಕಂದಾ, ಈಗ ಹೂವಿನ ಮಾರ್ಕೆಟ್ಟು, ಇಲ್ಲಿ ಹಂಪ್ ಇದೆ, ನಿಧಾನ’ ಅಂತ ಊರೆಲ್ಲ ಸುತ್ತಿಸತೊಡಗಿದ. ಪರದೆಯ ಈಚೆ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದೇ ನಕ್ಕದ್ದು.

ಎಲ್ಲ ಕೂಸೂ ಮನೆಗೆ ಹೋಗುವುದಿಲ್ಲ. ಅಂಥ ರಾತ್ರಿ ಕಳೆದು ಬಂದ ದಿನ ಕೆದಕಬೇಡಿ. ಉಳಿದ ದಿನ ‘ಇವತ್ತು ಯಾರ ತೂಕ ಏರಿತೇ?’ ಅಂತ ಕೇಳಿ ನೋಡಿ, ಬಾಯಿ ಬಿಡುತ್ತಾಳೆ. ಹೆಸರು ಮಾತ್ರ ಕೇಳಬೇಡಿ, ಅವಳು ಹೇಳಬಾರದು. ಇನ್ನು ಬೇರೆ ಕೆಲಸದ ಮಾತು: ಅವಳಾಗಿ ಎತ್ತಿದರೆ ಕೂತು ಕೇಳಿ. ನೀವಾಗಿ ಎತ್ತಬೇಡಿ.

ಪ್ರಶ್ನೆ: ಮೊಮ್ಮಗನ ಡಿಸ್‌ಚಾರ್ಜ್ ದಿನ ಸಿಸ್ಟರ್‌ಗಳಿಗೆ ದುಡ್ಡು ಕೊಡುವುದೇ, ಉಡುಗೊರೆಯೇ?
– ಒಬ್ಬ ಅಜ್ಜಿ, ಹಾವೇರಿ

ಉತ್ತರ: ದುಡ್ಡು ಬೇಡವೇ ಬೇಡ, ಕೇಳಿದರೂ ಕೊಡಬೇಡಿ. ಲಸಿಕೆಗೆ ಬಂದಾಗ ಮಗುವನ್ನು ವಾರ್ಡಿನ ಬಾಗಿಲ ತನಕ ತಂದು ತೋರಿಸಿ. ಗುರುತು ಹಿಡಿಯದಿದ್ದರೆ ಬೇಜಾರಾಗಬೇಡಿ, ಹುಟ್ಟಿದಾಗಿನ ತೂಕ ಹೇಳಿ, ಥಟ್ಟನೆ ನೆನಪಾಗುತ್ತದೆ. ಪೇಡವೋ ಮೈಸೂರುಪಾಕೋ ತರಲೇಬೇಕು ಅನ್ನಿಸಿದರೆ ಆಯಾಗೂ ಬಾಗಿಲಲ್ಲಿರುವ ಸೆಕ್ಯುರಿಟಿಯವನಿಗೂ ಸಿಗುವಷ್ಟು ತನ್ನಿ. ನಿಮ್ಮ ಸೊಸೆಗೆ ರಾತ್ರಿ ಬಿಸಿನೀರು ತಂದುಕೊಟ್ಟವರು ಅವರೇ ಇರುತ್ತಾರೆ, ಡಬ್ಬಿ ಮಾತ್ರ ನಮ್ಮ ಟೇಬಲ್ಲಿಗೇ ಬರುತ್ತದೆ.