ಓದುಗರ ಪ್ರಶ್ನೆ: ಮುಂಬಾಗಿಲಿಗೆ ವಸಂತದ ಹೂಚಕ್ರ

ಪ್ರಶ್ನೆ: ನಮ್ಮದು ಹಳೆಯ ಹೆಂಚಿನ ಮನೆ. ಮುಂಬಾಗಿಲಿಗೆ ತೇಗದ ಎರಡು ಕದಗಳಿದ್ದು, ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಯುಗಾದಿಯ ಹೊತ್ತಿಗೆ ಕೃತಕ ಹೂಗಳಿಂದ ದುಂಡನೆಯ ಹೂಚಕ್ರವೊಂದನ್ನು ನಾನೇ ಮಾಡಿ ಬಾಗಿಲಿಗೆ ತೂಗುಹಾಕಬೇಕೆಂದಿದ್ದೇನೆ. ಆದರೆ ಅದು ಸತ್ತವರಿಗೆ ಇಡುವ ಪುಷ್ಪಚಕ್ರದಂತೆ ಕಾಣುತ್ತದೆ, ಹಬ್ಬದ ದಿನ ಬೇಡ ಎಂದು ಅತ್ತೆ ಹೇಳುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ, ಬಿಸಿಲಿಗೆ ಬೇಗ ಮಾಸದಂತೆ ಮಾಡುವ ಬಗೆ ಯಾವುದು?
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಅತ್ತೆಯವರ ಆಕ್ಷೇಪವನ್ನು ತಳ್ಳಿಹಾಕಬೇಡಿ. ಚಳಿಗಾಲ ಮುಗಿದ ಮೇಲೆ ಟ್ಯೂಲಿಪ್, ಡ್ಯಾಫೊಡಿಲ್‌ಗಳಂಥ ಹೂಗಳ ಚಕ್ರವನ್ನು ಬಾಗಿಲಿಗೆ ಹಾಕುವುದು ಯುರೋಪ್, ಅಮೆರಿಕಗಳ ರೂಢಿ. ನಮ್ಮವರು ಇಂಥ ಚಕ್ರವನ್ನು ಹೆಚ್ಚಾಗಿ ನೋಡಿರುವುದು ಅಂತಿಮ ದರ್ಶನದ ವೇಳೆಯಲ್ಲೇ. ಆದರೆ ಅವರಿಗೆ ಆ ನೆನಪನ್ನು ತರುವುದು ದುಂಡಗಿನ ಆಕಾರ ಮಾತ್ರವಲ್ಲ. ಸುತ್ತಲೂ ಸಂದಿಲ್ಲದಂತೆ ತುಂಬಿದ ಒಂದೇ ಬಗೆಯ ಹೂಗಳು, ಅದರಲ್ಲೂ ಬಿಳಿ ಹೂಗಳು ಮತ್ತು ಅಡ್ಡಲಾಗಿ ಕಟ್ಟಿದ ಅಗಲ ಪಟ್ಟಿ. ಈ ಮೂರನ್ನೂ ಬಿಟ್ಟರೆ ಹೂಚಕ್ರದ ಚಹರೆಯೇ ಬೇರೆಯಾಗುತ್ತದೆ. ಹೂ ಕಟ್ಟಲು ಆಧಾರವಾಗಿ ಕಡ್ಡಿಯಿಂದ ಹೆಣೆದ ಬಳೆಯ ಮೂರನೆಯ ಒಂದು ಭಾಗಕ್ಕೆ ಮಾತ್ರ, ಕೆಳಗಿನ ಒಂದು ಮಗ್ಗುಲಿಗೆ ವಾಲಿದಂತೆ ಹೂ ಕಟ್ಟಿ, ಉಳಿದ ಭಾಗದಲ್ಲಿ ಹೆಣೆದ ಕಡ್ಡಿ ಹಾಗೆಯೇ ಕಾಣುವಂತೆ ಬಿಡಿ. ಹೂ ಕಡಿಮೆಯಾದಷ್ಟೂ ಚಕ್ರ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಣ್ಣಗಳಿಗೆ ದೂರದ ಟ್ಯೂಲಿಪ್ ಬೇಕಾಗಿಲ್ಲ. ನಿಮ್ಮ ಜಿಲ್ಲೆಯ ವಸಂತದಲ್ಲೇ ಮುತ್ತುಗದ ಕೇಸರಿಯಿದೆ, ಕಾಫಿ ತೋಟದ ನೆರಳಿಗೆ ಬೆಳೆಸುವ ಹಾಲುವಾಣದ ಕೆಂಪಿದೆ, ಯುಗಾದಿಯ ನಂತರ ಜೋತುಬೀಳುವ ಕಕ್ಕೆಯ ಹಳದಿಯಿದೆ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ, ಬಿದ್ದು ವಾರ ಹತ್ತು ದಿನಗಳಲ್ಲಿ ಅರಳುವ ಕಾಫಿ ಹೂವನ್ನು ನೆನಪಿಸಲು ಸಣ್ಣ ಬಿಳಿ ಹೂಗಳ ಒಂದೆರಡು ಗೊಂಚಲು ಸಾಕು. ಬಿಳಿ ಅಷ್ಟಕ್ಕೇ ನಿಲ್ಲಲಿ. ಇವೇ ಹೂಗಳ ಪ್ರತಿರೂಪ ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆಯಿಲ್ಲ, ಅದೇ ಬಣ್ಣದ ಬಟ್ಟೆಯ ಹೂ ಯಾವುದಾದರೂ ಆದೀತು. ಬಾಗಿಲವಾಡದ ಮೇಲಿನ ತೋರಣ ಮಾತ್ರ ಹಸಿ ಮಾವಿನೆಲೆಯದೇ ಇರಲಿ, ಹೊಸ್ತಿಲಿಗೆ ಇಡುವ ಹೂವೂ ತಾಜಾ ಇರಲಿ. ಕೃತಕ ಹೂವಿನ ಜಾಗ ಕದದ ಮೇಲಷ್ಟೇ ಎಂದು ನೀವೇ ಮೊದಲು ಹೇಳಿದರೆ ಅತ್ತೆಯವರು ಒಪ್ಪಬಹುದೆಂದು ನನಗೆ ತೋರುತ್ತದೆ.

ಇಡೀ ಕೆಲಸದ ಗಟ್ಟಿತನ ಬಳೆಯಲ್ಲಿದೆ. ಅದಕ್ಕಾಗಿ ಕಾಡಿನ ಬಳ್ಳಿಗೆ ಕೈಹಾಕುವ ಬದಲು, ತೋಟದ ಬೇಲಿಯಲ್ಲೂ ರಸ್ತೆಯ ಅಂಚಿನಲ್ಲೂ ಕಳೆಯಾಗಿ ಹಬ್ಬಿರುವ ಲಂಟಾನದ ಕಡ್ಡಿಯನ್ನು ಆರಿಸಿಕೊಳ್ಳಿ. ಮಲೆಮಹದೇಶ್ವರ ಬೆಟ್ಟದ ಕಡೆ ಸೋಲಿಗ ಕುಶಲಕರ್ಮಿಗಳು ಇದರಿಂದಲೇ ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ಕಡ್ಡಿಗಳಲ್ಲಿ ಸಣ್ಣ ಮುಳ್ಳುಗಳಿರುವುದರಿಂದ ಕೈಗವಸು ಹಾಕಿಕೊಂಡು ಕತ್ತರಿಸಿ, ನೀರಿನಲ್ಲಿ ಚೆನ್ನಾಗಿ ಕುದಿಸಿ, ಸಿಪ್ಪೆ ಸುಲಿದು, ಬಿಸಿಯಿರುವಾಗಲೇ ಬಾಗಿಸಿ ನಾಲ್ಕೈದು ಸುತ್ತು ಹೆಣೆದು, ಅಲ್ಲಲ್ಲಿ ದಾರದಿಂದ ಕಟ್ಟಿ ನೆರಳಿನಲ್ಲಿ ಪೂರ್ತಿ ಒಣಗಿಸಿ. ಒಳಗೆ ತೇವ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಸವರಿದ ಕಾಫಿ ರೆಂಬೆಯನ್ನು ಅಂದಕ್ಕಾಗಿ ನಡುವೆ ಸಿಕ್ಕಿಸಬಹುದೇ ಹೊರತು ಬಳೆಗೆ ಬಳಸಲಾಗದು. ಒಣಗಿದ ಮೇಲೆ ಅದು ಬಾಗದೆ ಮುರಿಯುತ್ತದೆ.

ಅಳತೆಯನ್ನು ಕದ ನೋಡಿ ನಿರ್ಧರಿಸಬೇಕು. ಮೂರಡಿಯ ಒಂಟಿ ಕದಕ್ಕೆ 18ರಿಂದ 24 ಇಂಚಿನ ಚಕ್ರ ಒಪ್ಪುತ್ತದೆ. ನಿಮ್ಮದು ಎರಡು ಕದದ ಬಾಗಿಲಾದ್ದರಿಂದ ನಡುವೆ ತೂಗುಹಾಕಿದರೆ ತೆರೆದಾಗಲೆಲ್ಲ ಅಡ್ಡಿಯಾದೀತು. ಹಗಲಿನಲ್ಲಿ ಅಗಣಿ ಹಾಕಿಯೇ ಇರುವ ಕದಕ್ಕೆ 12ರಿಂದ 14 ಇಂಚಿನದೊಂದನ್ನು ಹಾಕಿ. ಎಲೆ ಮತ್ತು ಹೂಗಳು ಪ್ರತಿ ಬದಿಗೆ ಎರಡು ಇಂಚಿನಷ್ಟು ಹೊರಚಾಚುವುದರಿಂದ ಬಳೆ 8ರಿಂದ 10 ಇಂಚಿದ್ದರೆ ಸಾಕು.

ಮೊದಲು ಎಲೆಗಳನ್ನು ಒಂದೇ ದಿಕ್ಕಿಗೆ ವಾಲುವಂತೆ ಕಟ್ಟಿ, ಆಮೇಲೆ ಮೂರು ದೊಡ್ಡ ಹೂ, ಕೊನೆಗೆ ಸಣ್ಣ ಹೂಗಳು. ಕೃತಕ ಹೂವಿನ ತೊಟ್ಟಿನೊಳಗೆ ಉಕ್ಕಿನ ತಂತಿ ಇರುತ್ತದೆ; ಕತ್ತರಿಯಿಂದ ಕತ್ತರಿಸಿದರೆ ಬಾಯಿ ಹಾಳಾಗುತ್ತದೆ, ಕಟಿಂಗ್ ಪ್ಲೇಯರ್ ಬಳಸಿ. ತೊಟ್ಟನ್ನು ಮೂರು ನಾಲ್ಕು ಇಂಚು ಉಳಿಸಿಕೊಂಡು ಕಡ್ಡಿಗಳ ನಡುವೆ ತೂರಿಸಿ, ಹಿಂದೆ ಬಾಗಿಸಿ ತಂತಿಯಿಂದ ಬಿಗಿಯಿರಿ. ಗ್ಲೂ ಗನ್ನಿನ ಅಂಟನ್ನೇ ನಂಬಬೇಡಿ ಎಂದು ಒತ್ತಿ ಹೇಳುತ್ತೇನೆ. ಅದು ಕಾಯಿಸಿದಾಗ ಕರಗುವ ಅಂಟಾದ್ದರಿಂದ, ಪಶ್ಚಿಮದ ಮಧ್ಯಾಹ್ನದ ಬಿಸಿಲಿಗೆ ಕಾದ ಕದದ ಮೇಲೆ ಮೆತ್ತಗಾಗಿ ಹೂ ಒಂದೊಂದಾಗಿ ಜಾರುತ್ತದೆ. ತಂತಿ ಹಿಡಿದಿರಲಿ, ಅಂಟು ಅಲುಗಾಟವನ್ನಷ್ಟೇ ತಡೆಯಲಿ. ಕಟ್ಟಡದ ಕೆಲಸಕ್ಕೆ ಬಳಸುವ ಬೈಂಡಿಂಗ್ ವೈರ್ ಬೇಡ, ಅದು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿ ಉತ್ತಮ.

ಮಾಸುವುದನ್ನು ನಿಧಾನಗೊಳಿಸಬಹುದು, ನಿಲ್ಲಿಸಲಾಗದು. ಗಾಢ ಕೆಂಪು ಮತ್ತು ನೇರಳೆ ಬೇಗ ಮಂಕಾಗುವುದರಿಂದ ಅವುಗಳನ್ನು ಸೂರಿನ ನೆರಳು ಬೀಳುವ ಕಡೆಗೆ ಇಡಿ. ಬಿಸಿಲನ್ನು ತಡೆಯುವ ಯುವಿ ಸ್ಪ್ರೇಯನ್ನು ತೆಳುವಾಗಿ ಎರಡು ಬಾರಿ ಹೊಡೆದರೆ ಸ್ವಲ್ಪ ಕಾಲ ಹೆಚ್ಚು ಬಾಳುತ್ತದೆ. ತೇಗದ ಕದಕ್ಕೆ ಮೊಳೆ ಹೊಡೆಯದೆ, ಬಾಗಿಲ ಬಳೆಗೋ ಕದದ ಮೇಲಂಚಿನಿಂದ ಒಳಗೆ ಇಳಿಬಿಟ್ಟ ರಿಬ್ಬನ್ನಿಗೋ ತೂಗುಹಾಕಿ; ಪಾಲಿಶ್‌ಗೆ ಗೀರು ಬೀಳದಂತೆ ಚಕ್ರದ ಹಿಂದೆ ದಪ್ಪ ಬಟ್ಟೆಯ ತುಂಡನ್ನು ಹೊಲಿಯಿರಿ. ಜೂನ್ ಮಳೆ ಶುರುವಾಗುವ ಮೊದಲೇ ತೆಗೆದು, ಒಣಗಿದ ರಟ್ಟಿನ ಪೆಟ್ಟಿಗೆಯಲ್ಲಿ ಮಡಚದೆ ಇಡಿ. ತೆಗೆಯುವಾಗ ಹಿಂಬದಿಯನ್ನು ಜಾಗ್ರತೆಯಿಂದ ನೋಡಿ, ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು.

ಪ್ರಶ್ನೆ: ನಮ್ಮ ಮನೆ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಗೆ ಹತ್ತಿರವಿದೆ. ಬಾಗಿಲಿನ ಕೃತಕ ಹೂಚಕ್ರಕ್ಕೆ ಧೂಳು ಮೆತ್ತಿಕೊಂಡು ಬಣ್ಣವೇ ಕಾಣದಂತಾಗಿದೆ. ತೊಳೆಯಬಹುದೇ?
– ಓದುಗರು, ಹಾಸನ

ಉತ್ತರ: ಮೊದಲು ಒಣ ಬ್ರಷ್‌ನಿಂದ ದಳಗಳ ಬುಡದಿಂದ ತುದಿಯ ಕಡೆಗೆ ಧೂಳು ಕೊಡವಿ. ಬಿಡಿ ಹೂಗಳಾದರೆ ದೊಡ್ಡ ಚೀಲದಲ್ಲಿ ಹಿಡಿಯಷ್ಟು ಕಲ್ಲುಪ್ಪಿನೊಂದಿಗೆ ಹಾಕಿ ಮೆಲ್ಲನೆ ಅಲ್ಲಾಡಿಸಿದರೆ ಉಪ್ಪಿನ ಹರಳುಗಳು ಧೂಳನ್ನು ಎಳೆದುಕೊಳ್ಳುತ್ತವೆ. ಅದರಿಂದಲೂ ಹೋಗದಿದ್ದರೆ ಮರೆಯಲ್ಲಿರುವ ಒಂದು ದಳವನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಡುವುದಿಲ್ಲವೆಂದು ಖಚಿತವಾದ ಮೇಲೆ, ಸೌಮ್ಯ ಸೋಪಿನ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬಿಸಿ ನೀರು ಅಂಟನ್ನು ಸಡಿಲಿಸುತ್ತದೆ. ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗುವವರೆಗೆ ಮತ್ತೆ ಬಾಗಿಲಿಗೆ ಹಾಕಬೇಡಿ. ತೊಟ್ಟಿನ ತಂತಿಯಲ್ಲಿ ನೀರು ಉಳಿದಿದ್ದರೆ ತುಕ್ಕಿನ ಕಲೆ ಕದದ ಮೇಲೆ ಇಳಿಯುತ್ತದೆ.