‘ಅರ್ಥ ಆಯ್ತಾ?’ ಅಂತ ಕೇಳೋದು ಬಿಡಿ

ಪ್ರಶ್ನೆ: ಮಂಡ್ಯದ ಒಂದು ಐಟಿಐನಲ್ಲಿ ಫಿಟ್ಟರ್ ವಿಭಾಗಕ್ಕೆ ಹೊಸದಾಗಿ ಬೋಧಕನಾಗಿ ಸೇರಿದ್ದೇನೆ. ಬ್ಯಾಚಿನಲ್ಲಿ 20 ಹುಡುಗರು. ಫೈಲಿಂಗ್, ಅಂದರೆ ಹಲ್ಲಿರುವ ಉಕ್ಕಿನ ಫೈಲಿನಿಂದ ಲೋಹ ಉಜ್ಜಿ ಮಟ್ಟ ಮಾಡುವುದು, ಹೇಗೆ ಅಂತ ಅರ್ಧ ಗಂಟೆ ವಿವರಿಸಿ, ಮಾಡಿಯೂ ತೋರಿಸುತ್ತೇನೆ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ‘ಆಯ್ತು ಸಾರ್’ ಅನ್ನುತ್ತಾರೆ. ತುಂಡನ್ನು ಬಿಗಿಯಾಗಿ ಹಿಡಿಯುವ ವೈಸ್ ಮುಂದೆ ನಿಂತರೆ ಒಬ್ಬರದ್ದೂ ಮಟ್ಟ ಬರುವುದಿಲ್ಲ. ಎಲ್ಲರ ಜಾಬ್ (ಉಜ್ಜುವ ಲೋಹದ ತುಂಡು) ನಡುವೆ ಉಬ್ಬಿರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಹುಡುಗರಿಗೆ ಆಸಕ್ತಿ ಇಲ್ವೋ, ನನಗೆ ಕಲಿಸಲು ಬರೋದಿಲ್ವೋ?

ಉತ್ತರ: ಹುಡುಗರು ಸುಳ್ಳು ಹೇಳುತ್ತಿಲ್ಲ. ನಿಮ್ಮ ಮಾತು ಅವರಿಗೆ ನಿಜವಾಗಿಯೂ ಅರ್ಥ ಆಗಿದೆ. ಅರ್ಥ ಆಗದೆ ಉಳಿದಿರುವುದು ಕೈಗೆ.

ನಿಮ್ಮ ಬ್ಯಾಚಿನಲ್ಲಿ ಆಲೆಮನೆ ಕಂಡ ಹುಡುಗರು ಇದ್ದೇ ಇರುತ್ತಾರೆ. ಕೊಪ್ಪರಿಗೆಯ ಪಾಕ ಹದಕ್ಕೆ ಬಂತಾ ಅಂತ ಬೆಲ್ಲ ಕಾಯಿಸುವವರು ಹೇಗೆ ನೋಡುತ್ತಾರೆ ಅಂತ ಅವರನ್ನೇ ಕೇಳಿ. ಚೂರು ಪಾಕ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಆ ಹದ ಅರ್ಧ ಗಂಟೆ ಭಾಷಣ ಕೇಳಿದರೆ ಬೆರಳಿಗೆ ಇಳಿಯೋದಿಲ್ಲ. ಹಾಗಂತ ‘ನೋಡ್ತಾ ನೋಡ್ತಾ ಕಲಿ’ ಅಂತ ಬಿಟ್ಟರೆ ವರ್ಷಗಟ್ಟಲೆ ಬೇಕು. ನಿಮಗೆ ಸಿಗುವುದು 2 ವರ್ಷ. ಅದರಲ್ಲಿ ಫೈಲಿಂಗ್‌ಗೆ ಸಿಗುವುದು ಕೆಲವೇ ವಾರ.

ಮೊದಲು ಒಂದು ಸಣ್ಣ ವಿಷಯ. ನೀವು ತೋರಿಸುವಾಗ ಹುಡುಗರು ಎಲ್ಲಿ ನಿಂತಿರುತ್ತಾರೆ? ಎದುರಿಗೆ ನಿಂತಿದ್ದರೆ ಅವರಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು ಕಾಣುತ್ತದೆ. ಹಿಂದಿನ ಸಾಲಿನವರಿಗೆ ನಿಮ್ಮ ಮೊಣಕೈ ಬಿಟ್ಟು ಬೇರೇನೂ ಕಾಣೋದಿಲ್ಲ. 20 ಜನಕ್ಕೆ ಒಂದೇ ಸಲ ತೋರಿಸಬೇಡಿ. ಐದೈದು ಜನರನ್ನು ಕರೆದು, ನಿಮ್ಮ ಪಕ್ಕ ಮತ್ತು ಹೆಗಲ ಹಿಂದೆ ನಿಲ್ಲಿಸಿಕೊಳ್ಳಿ. ಉಳಿದವರಿಗೆ ಲೋಹದ ಮೇಲೆ ಗೆರೆ ಹಾಕುವ ಮಾರ್ಕಿಂಗ್ ಕೆಲಸ ಕೊಡಿ. ನಾಲ್ಕು ಸಲ ತೋರಿಸುವುದು ರೇಜಿಗೆಯೇ. ಆದರೆ ದಿನವಿಡೀ ಗಂಟಲು ಹರಿದುಕೊಳ್ಳುವುದಕ್ಕಿಂತ ವಾಸಿ.

ಈಗ ತೋರಿಸುವ ಬಗೆ. ಮೊದಲ ಸಲ ಬಾಯಿ ಮುಚ್ಚಿಕೊಂಡು, ಮಾಮೂಲಿ ವೇಗದಲ್ಲಿ ಮಾಡಿ. ಎರಡನೇ ಸಲ ನಿಧಾನ ಮಾಡಿ, ಒಂದೊಂದು ಹೆಜ್ಜೆಗೆ ಒಂದೇ ಮಾತು ಹೇಳಿ: ‘ತಳ್ಳುವಾಗ ಮಾತ್ರ ಒತ್ತು’, ‘ವಾಪಸ್ ಬರುವಾಗ ಹಗುರ’. ಮೂರನೇ ಸಲ ಯಾಕೆ ಅಂತ ಹೇಳಿ. ಆಮೇಲೆ ಫೈಲ್ ಹುಡುಗನ ಕೈಗೆ ಕೊಟ್ಟು, ‘ನೀನು ಮಾಡ್ತಾ ಮಾಡ್ತಾ ನನಗೆ ಕಲಿಸು’ ಅನ್ನಿ. ಅಲ್ಲೇ ಗೊತ್ತಾಗುತ್ತದೆ ಯಾರಿಗೆ ಎಷ್ಟು ಇಳಿದಿದೆ ಅಂತ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನುರಿತ ಕೆಲಸಗಾರರು ಸೈನ್ಯಕ್ಕೆ ಹೋಗಿ, ಕಾರ್ಖಾನೆಗಳಿಗೆ ಹೊಸಬರು ತುಂಬಿಕೊಂಡಾಗ ಬೇಗ ಕಲಿಸಲು ಬಳಸಿದ್ದು ಹೆಚ್ಚುಕಡಿಮೆ ಇದೇ ಕ್ರಮ. ಸಿದ್ಧ ಮಾಡು, ತೋರಿಸು, ಮಾಡಿಸು, ಆಮೇಲೂ ಗಮನ ಇಡು ಅಂತ ನಾಲ್ಕು ಹಂತ. ಕೆಲಸಗಾರ ಕಲಿತಿಲ್ಲ ಅಂದರೆ ಬೋಧಕ ಕಲಿಸಿಲ್ಲ ಅಂತ ಆ ತರಬೇತಿಯವರು ನೇರವಾಗೇ ಹೇಳುತ್ತಿದ್ದರು. ಸ್ವಲ್ಪ ಖಾರದ ಮಾತು, ಅಲ್ವಾ? ನಾನೂ ಶುರುವಿನ ವರ್ಷಗಳಲ್ಲಿ ಬೋರ್ಡ್ ತುಂಬ ಫೈಲಿನ ಚಿತ್ರ ಬರೆದು, ಮುಕ್ಕಾಲು ಗಂಟೆ ಮಾತಾಡಿ, ಹುಡುಗರನ್ನೇ ಬೈದವನು.

ನಿಮ್ಮ ಹುಡುಗರ ಉಬ್ಬಿಗೆ ಬರೋಣ. ಉಬ್ಬು ಬರುವುದು ಫೈಲ್ ತೂಗಾಡುವುದರಿಂದ. ಅದು ತಕ್ಕಡಿ ದಂಡ, ಜಾಬ್ ಅದರ ನಡುಗಂಬ ಅಂದುಕೊಳ್ಳಿ. ತಳ್ಳಲು ಶುರು ಮಾಡಿದಾಗ ಹಿಡಿಯ ಕಡೆ ಉದ್ದ, ಹಾಗಾಗಿ ತುದಿ ಹಿಡಿದ ಎಡಗೈ ಜಾಸ್ತಿ ಒತ್ತಬೇಕು. ನಡುವೆ ಎರಡೂ ಸಮ. ಕೊನೆಗೆ ಬಂದಾಗ ತುದಿ ಆಚೆ ಚಾಚಿರುತ್ತದೆ, ಆಗ ಬಲಗೈ ಒತ್ತಬೇಕು, ಎಡಗೈ ಸಡಿಲ ಆಗಬೇಕು. ಕಲಿಯುವವನು ಎರಡೂ ಕೈಯಲ್ಲಿ ಉದ್ದಕ್ಕೂ ಒಂದೇ ಸಮ ಒತ್ತುತ್ತಾನೆ. ಶುರುವಿನಲ್ಲಿ ಈಚೆ ಅಂಚು ಸವೆಯುತ್ತದೆ, ಕೊನೆಯಲ್ಲಿ ಆಚೆ ಅಂಚು. ನಡು ಹಾಗೇ ಉಳಿಯುತ್ತದೆ.

ಇದನ್ನು ಹೇಳಬೇಡಿ, ಕಾಣಿಸಿ. ಮಟ್ಟವಾಗಿರುವ ಒಂದು ತುಂಡಿನ ಮೇಲ್ಮೈಗೆ ಮಾರ್ಕರ್ ಪೆನ್ ಬಳಿದು, ನಾಲ್ಕೇ ನಾಲ್ಕು ಸಲ ಫೈಲ್ ಓಡಿಸಲು ಹೇಳಿ. ಅಂಚಿನ ಬಣ್ಣ ಹೋಗಿ ನಡುವಿನದು ಉಳಿದಿದ್ದರೆ ಹುಡುಗನಿಗೇ ತನ್ನ ಕೈ ಏನು ಮಾಡಿತು ಅಂತ ಕಾಣುತ್ತದೆ. ಮತ್ತೆ ಬಳಿ, ಮತ್ತೆ ನಾಲ್ಕು ಸಲ. ನೀವು ‘ತಪ್ಪು’ ಅನ್ನುವ ಅಗತ್ಯವೇ ಬರೋದಿಲ್ಲ. ವೈಸಿನ ಎತ್ತರವನ್ನೂ ಒಮ್ಮೆ ನೋಡಿ. ಅದು ಮೊಣಕೈ ಮಟ್ಟಕ್ಕೆ ಇರಬೇಕು. ಕುಳ್ಳ ಹುಡುಗನ ಕಾಲ ಕೆಳಗೆ ಹಲಗೆ ಹಾಕಿದ್ದರಿಂದಲೇ ಉಬ್ಬು ಅರ್ಧ ಕಮ್ಮಿಯಾಗಿದ್ದನ್ನು ನೋಡಿದ್ದೇನೆ.

ಇನ್ನು ಒಂದೇ ಸಮ ಮೂರು ಗಂಟೆ ಉಜ್ಜಿಸಬೇಡಿ. ತೋಳು ಸೋತ ಮೇಲೆ ಕೈ ಕಲಿಯುವುದು ತಪ್ಪನ್ನೇ. ಹದಿನೈದು ನಿಮಿಷ ಉಜ್ಜಲಿ, ಆಮೇಲೆ ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದು ಸಂದು ನೋಡಲಿ. ಮೊದಲು ಅವನು ನೋಡಲಿ, ಆಮೇಲೆ ನೀವು. ಮತ್ತೆ, ದಯವಿಟ್ಟು, ಅವನ ಕೈಯಿಂದ ಫೈಲ್ ಕಿತ್ಕೊಂಡು ನೀವೇ ಸರಿ ಮಾಡಿಕೊಡಬೇಡಿ. ಜಾಬ್ ಚೆನ್ನಾಗಿ ಆಗುತ್ತದೆ, ಹುಡುಗ ಅಲ್ಲೇ ಇರುತ್ತಾನೆ.

ಪ್ರಶ್ನೆ: ಮೈಸೂರಿನಲ್ಲಿ ವರ್ಕ್‌ಶಾಪ್ ಕ್ಯಾಲ್ಕ್ಯುಲೇಷನ್ ಪಾಠ ಮಾಡುತ್ತೇನೆ. ಹೆಚ್ಚಿನವರು ಕನ್ನಡದಲ್ಲಿ ಓದಿ ಬಂದವರು. ಲೆಕ್ಕ ಅಂದ ಕೂಡಲೇ ತಲೆ ತಗ್ಗಿಸುತ್ತಾರೆ. ಪ್ರಾಕ್ಟಿಕಲ್‌ನಲ್ಲಿ ಚುರುಕಾಗಿರುವವರೂ ಇಲ್ಲಿ ಮಂಕು. ಏನು ಮಾಡಲಿ ಮೇಡಂ?

ಉತ್ತರ: ನಾನು ಮೇಡಂ ಅಲ್ಲ, ಸಾರ್! ಇರಲಿ. ನೀವು ಮಾಡಬೇಕಾದ್ದು ಒಂದು ತಕ್ಕಡಿ ತರುವುದು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. 50 ಮಿ.ಮೀ. ಉದ್ದ, 50 ಅಗಲ, 10 ದಪ್ಪದ ಮೈಲ್ಡ್ ಸ್ಟೀಲ್ ತುಂಡು ಕೈಗೆ ಕೊಟ್ಟು, ‘ಇದು ಎಷ್ಟು ಗ್ರಾಂ?’ ಅಂತ ಕೇಳಿ. ಒಬ್ಬ ನೂರು ಅಂತಾನೆ, ಇನ್ನೊಬ್ಬ ಅರ್ಧ ಕೆಜಿ ಅಂತಾನೆ. ಎಲ್ಲರ ಅಂದಾಜೂ ಬೋರ್ಡ್ ಮೇಲೆ ಬರೆಯಿರಿ. ಆಮೇಲೆ ಲೆಕ್ಕ: ಸೆಂ.ಮೀ.ಗೆ ತಂದರೆ 5×5×1, ಅಂದರೆ 25 ಘನ ಸೆಂ.ಮೀ. ಒಂದು ಘನ ಸೆಂ.ಮೀ. ಉಕ್ಕು ಸುಮಾರು 7.85 ಗ್ರಾಂ. ಗುಣಿಸಿದರೆ 196 ಗ್ರಾಂ ಚಿಲ್ಲರೆ. ಈಗ ತಕ್ಕಡಿಯಲ್ಲಿಡಿ. ಅಂಕಿ ಹತ್ತಿರ ಬಂದಾಗ ಅವರ ಮುಖ ನೋಡಬೇಕು!

ಮುಂದಿನ ಪ್ರಶ್ನೆ ಅವರದ್ದೇ ಜಾಬ್ ಮೇಲೆ. ಒಂದು ಬದಿಯನ್ನು ಪೂರ್ತಿ 1 ಮಿ.ಮೀ. ಉಜ್ಜಿದರೆ ಎಷ್ಟು ತೂಕ ಕಮ್ಮಿಯಾಗುತ್ತದೆ? 5×0.1×1, ಅಂದರೆ ಅರ್ಧ ಘನ ಸೆಂ.ಮೀ., ಹತ್ತಿರ ಹತ್ತಿರ 4 ಗ್ರಾಂ. ಮಧ್ಯಾಹ್ನ ಉಜ್ಜಿ ಬಂದು ತೂಗಲಿ. ನಾಲ್ಕರ ಬದಲು ಆರು ಗ್ರಾಂ ಹೋಗಿದ್ದರೆ ಎಲ್ಲೋ ಜಾಸ್ತಿ ಉಜ್ಜಿದ್ದಾನೆ ಅಂತ ಲೆಕ್ಕವೇ ಹೇಳುತ್ತದೆ.

ಭಾಷೆ ಬಗ್ಗೆ ನನ್ನ ಅಭಿಪ್ರಾಯ: ವರ್ನಿಯರ್, ಟಾಲರೆನ್ಸ್, ಲೀಸ್ಟ್ ಕೌಂಟ್ ಅನ್ನುವ ಹೆಸರುಗಳು ಹಾಗೇ ಇರಲಿ, ಕಾರ್ಖಾನೆಯಲ್ಲಿ ಅವೇ ಬೇಕು. ವಿವರಣೆ ಮಾತ್ರ ಕನ್ನಡದಲ್ಲಿರಲಿ. ಫೈಲಿಗೆ ನಮ್ಮ ಕಮ್ಮಾರರು ‘ಅರ’ ಅಂತಾರೆ, ಗಾರೆಯವರು ಸ್ಪಿರಿಟ್ ಲೆವೆಲ್‌ಗೆ ‘ರಸಮಟ್ಟ’ ಅಂತಾರೆ. ಆ ಮಾತು ಕೇಳಿದಾಗ ‘ನಮ್ಮಪ್ಪನ ಹತ್ರ ಇದೆ’ ಅಂತ ಎದ್ದು ನಿಲ್ಲುವ ಹುಡುಗ ಸಿಗುತ್ತಾನೆ. ಅವನನ್ನು ಹಿಡಿದುಕೊಳ್ಳಿ.

ಪ್ರಶ್ನೆ: ನನ್ನ ಮಗ ನಂಜನಗೂಡು ಕಡೆಯ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ ಎರಡು ತಿಂಗಳಾಯ್ತು. ದಿನಾ ಕಸ ಗುಡಿಸುವುದು, ಸಾಮಾನು ಹೊರುವುದು ಅಷ್ಟೇ. ಬಿಡಿಸಿಬಿಡಲಾ?

ಉತ್ತರ: ಈಗಲೇ ಬೇಡ. ಮೆಷೀನ್ ಸುತ್ತ ಗುಡಿಸುವುದೂ ಕಲಿಕೆಯೇ. ಮೆಷೀನ್ ಕೊರೆದಾಗ ಉದುರುವ ಕಬ್ಬಿಣದ ಸುರುಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಬ್ರಷ್ ಬಳಸಬೇಕು ಅಂತ ಅಲ್ಲೇ ತಿಳಿಯೋದು. ಆದರೆ ಅದಕ್ಕೆ ಎರಡು ತಿಂಗಳು ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನಿಮ್ಮ ಮಗ ಕೆಲಸಗಾರ ಅಲ್ಲ, ತರಬೇತಿ ಪಡೆಯುವವನು. ಅವನ ಕಸುಬು ಕಲಿಸುವುದು ಮಾಲೀಕರ ಹೊಣೆ.

ಇವತ್ತಿಂದಲೇ ಒಂದು ಡೈರಿ ಇಡಲಿ. ತಾರೀಖು, ಮಾಡಿದ ಕೆಲಸ, ನೋಡಿದ ಮೆಷೀನ್, ತೋರಿಸಿದವರು ಯಾರು, ಇಷ್ಟು ಸಾಕು. ಎರಡು ವಾರ ಆದ ಮೇಲೆ ಅದನ್ನು ಹಿಡಿದು ಸೂಪರ್‌ವೈಸರ್ ಹತ್ತಿರ ಹೋಗಲಿ. ‘ಗುಡಿಸಿ ಸಾಕಾಯ್ತು’ ಅನ್ನೋದು ಬೇಡ. ‘ಸಾರ್, ಡ್ರಿಲ್ಲಿಂಗ್ ಮೆಷೀನ್ ಸೆಟ್ ಮಾಡುವಾಗ ದಿನಾ ಅರ್ಧ ಗಂಟೆ ಪಕ್ಕದಲ್ಲಿ ನಿಲ್ಲಲಾ?’ ಅಂತ ಕೇಳಲಿ. ಇಷ್ಟು ಸಣ್ಣ ಬೇಡಿಕೆಗೆ ಇಲ್ಲ ಅನ್ನುವವರು ಕಡಿಮೆ. ಅದಕ್ಕೂ ಬಗ್ಗದಿದ್ದರೆ, ಇಂಥ ತಕರಾರು ಕೇಳಲು ಕಾಯ್ದೆಯಲ್ಲಿ ಅಪ್ರೆಂಟಿಸ್‌ಷಿಪ್ ಸಲಹೆಗಾರರು ಅಂತ ಅಧಿಕಾರಿ ಇದ್ದಾರೆ. ಅವರ ಹತ್ತಿರ ಹೋಗುವಾಗಲೂ ಆ ಡೈರಿ ಜೊತೆಗಿರಲಿ.